ಬಕೆಟ್ಟಿನಲ್ಲಿ ಆರಿದ ಕಡಲು

ಸಂಶೋಧನೆಯ ಹುಡುಗಿ ದೊಡ್ಡ ಹಾಳೆಯೊಂದನ್ನು ಮೇಜಿನ ಮೇಲೆ ಬಿಡಿಸಿ, ನಾಲ್ಕು ಮೂಲೆಗೂ ಕೈಗೆ ಸಿಕ್ಕಿದ ಭಾರ ಹೇರಿದಳು. ಚಹಾದ ಲೋಟ, ಸ್ಟೇಪ್ಲರ್, ಬೀಗದ ಕೈಗೊಂಚಲು, ತನ್ನ ಕನ್ನಡಕದ ಡಬ್ಬಿ. ಬಂದರಿನ ತುದಿಯ ಆ ಕೋಣೆಗೆ ಎರಡು ಕಿಟಕಿ, ಒಂದು ಕಡಲ ಕಡೆಗೆ, ಇನ್ನೊಂದು ಸಿಬ್ಬಂದಿಯ ಮನೆಗಳ ಕಡೆಗೆ. ಒಂದರಿಂದ ನುಗ್ಗಿದ ಗಾಳಿ ಇನ್ನೊಂದರಿಂದ ಹೊರಬೀಳುವ ಮೊದಲು ಕೋಣೆಯಲ್ಲಿದ್ದದ್ದನ್ನೆಲ್ಲ ಒಮ್ಮೆ ಮುಟ್ಟಿ ನೋಡಿಯೇ ಹೋಗುತ್ತಿತ್ತು.

“ಇಲ್ನೋಡಿ ಮೇಡಂ. ಇಪ್ಪತ್ತಾರು ವರ್ಷ ನೀವು ಬರೆದದ್ದೆಲ್ಲ ಈ ಒಂದು ಗೆರೆಯಲ್ಲಿದೆ.”

ಎದುರಿಗಿದ್ದವಳನ್ನು ಬಂದರಿನಲ್ಲಿ ಮೇಡಂ ಎನ್ನುವವರು ಬೇರೆ ಯಾರೂ ಇರಲಿಲ್ಲ. ಎಲ್ಲರಿಗೂ ಅವಳು ಡಾಕ್ಟರಮ್ಮ. ದಿನವೂ ಬೆಳಿಗ್ಗೆ ಏಳಕ್ಕೆ ಕಟ್ಟೆಯ ತುದಿಗೆ ಹೋಗಿ, ಹಗ್ಗ ಕಟ್ಟಿದ ದಪ್ಪ ಬಟ್ಟೆಯ ಬಕೆಟ್ಟನ್ನು ಕಡಲಿಗಿಳಿಸಿ, ನೀರೆತ್ತಿ, ಅದರಲ್ಲಿ ಥರ್ಮಾಮೀಟರ್ ಅದ್ದಿ, ಕಂಡದ್ದನ್ನು ಪುಸ್ತಕಕ್ಕೆ ಇಳಿಸುವುದು ಹವಾಮಾನ ಕಚೇರಿ ಅವಳಿಗೆ ಕೊಟ್ಟ ಕೆಲಸ. ಜೊತೆಗೆ ಗಾಳಿಯ ವೇಗ, ಅದರ ಬಿಸಿ, ಅದರ ತೇವ, ಮೋಡ. “ಇವತ್ತು ಜ್ವರ ಎಷ್ಟು ಡಾಕ್ಟರಮ್ಮಾ? ಗುಳಿಗೆ ಕೊಟ್ರಾ?” ಎಂದು ಕ್ರೇನಿನವನು ಮೇಲಿನಿಂದ ಕೂಗುತ್ತಿದ್ದ. ಅವನ ಅಪ್ಪನೂ ಅದೇ ಕ್ರೇನಿನಿಂದ ಅದೇ ಮಾತು ಕೂಗಿದವನು. ಇನ್ನೆರಡು ತಿಂಗಳಿಗೆ ಅವಳ ನಿವೃತ್ತಿ.

ಗೆರೆ ಉಸಿರಾಡಿದಂತೆ ಏರುತ್ತಿಳಿಯುತ್ತ ಸಾಗಿತ್ತು. ಒಂಬತ್ತನೆಯ ವರ್ಷದಲ್ಲಿ ಯಾರೋ ಅದನ್ನು ಹಿಡಿದು ಒಂದು ಮೆಟ್ಟಿಲು ಕೆಳಗೆ ಕೂರಿಸಿದಂತಿತ್ತು. ನಾಲ್ಕು ವರ್ಷ ಅಲ್ಲೇ ಏರಿಳಿದು, ಆಮೇಲೆ ಒಮ್ಮೆಲೇ ಎದ್ದು ಮೇಲೆ ಬಂದಿತ್ತು.

“ಸುಮಾರು ಮುಕ್ಕಾಲು ಡಿಗ್ರಿ,” ಎಂದಳು ಹುಡುಗಿ. “ನಾಲ್ಕು ವರ್ಷ ಕಡಲು ತಣ್ಣಗಿತ್ತು. ಆಮೇಲೆ ಒಂದೇ ವಾರದಲ್ಲಿ ಸರಿಹೋಯ್ತು.”

“ಆಗಿರ್ಬೋದು. ಕಡಲು ತಾನೆ, ಅದರ ಮರ್ಜಿ.”

“ಹಾಗಾಗಲ್ಲ ಮೇಡಂ. ಮೇಲಿನ ಗಾಳಿ ನೋಡಿ, ಅದು ಇದ್ದ ಹಾಗೇ ಇದೆ.” ಹುಡುಗಿ ಇನ್ನೊಂದು ಗೆರೆಯ ಮೇಲೆ ಬೆರಳಾಡಿಸಿದಳು. “ಕಡಲು, ಗಾಳಿ ಒಂದೇ ಮನೇಲಿರೋ ಇಬ್ಬರ ಹಾಗೆ. ಕಡಲು ಬಿಸಿಲು ಕುಡಿದು ಬಿಸಿ ಕೂಡಿಡುತ್ತೆ. ಅದನ್ನ ಸ್ವಲ್ಪ ಸ್ವಲ್ಪ ಗಾಳಿಗೆ ಕೊಡುತ್ತೆ, ಹೆಚ್ಚಿನದು ಆವಿಯ ಜೊತೆ. ಗಾಳಿ ಅದನ್ನ ಹೊತ್ಕೊಂಡು ಹೋಗಿ ಮೋಡ ಮಾಡುತ್ತೆ, ಜೋರಾಗಿ ಬೀಸುತ್ತೆ. ಬೀಸಿದಷ್ಟೂ ಕಡಲು ಇನ್ನೂ ಆರುತ್ತೆ. ಆಗ ಗಾಳಿಗೆ ಸಿಗೋ ಬಿಸಿಯೂ ಕಮ್ಮಿ. ಒಬ್ಬರು ನಾಲ್ಕು ವರ್ಷ ತಣ್ಣಗಿದ್ದು, ಇನ್ನೊಬ್ಬರಿಗೆ ಗೊತ್ತೇ ಆಗ್ಲಿಲ್ಲ ಅಂದ್ರೆ ಹೇಗೆ?”

“ಮೊದಲು ಶುರು ಮಾಡೋದು ಯಾರು? ಕಡಲೋ, ಗಾಳಿಯೋ?”

ಹುಡುಗಿ ನಕ್ಕಳು. “ಮೊದಲು ಅಂತ ಇಲ್ಲ ಮೇಡಂ. ಇಬ್ಬರೂ ಕೊಡ್ತಾರೆ, ಇಬ್ಬರೂ ತಗೋತಾರೆ.”

ಡಾಕ್ಟರಮ್ಮನಿಗೆ ಇದು ಒಪ್ಪಿಗೆಯಾಗಲಿಲ್ಲ. ಯಾವುದಕ್ಕಾದರೂ ಮೊದಲು ಅಂತ ಒಂದು ಇರಲೇಬೇಕಲ್ಲ. ಇಲ್ಲದಿದ್ದರೆ ತಪ್ಪು ಯಾರದ್ದೆಂದು ಹೇಳುವುದು ಹೇಗೆ?

“ಒಂದು ಕೇಳ್ಲಾ? ಬೇಜಾರು ಮಾಡ್ಕೋಬೇಡಿ,” ಎಂದಳು ಹುಡುಗಿ. “ನೀರು ಮೇಲೆ ಬಂದ ತಕ್ಷಣ ಥರ್ಮಾಮೀಟರ್ ನೋಡ್ತೀರಾ?”

“ತಕ್ಷಣ.”

“ಯಾವತ್ತೂ?”

“ಪುಸ್ತಕದಲ್ಲೇ ಇದೆಯಲ್ಲ. ದಿನಾ ಏಳು ಗಂಟೆ.”

“ಯಾಕೆ ಕೇಳಿದೆ ಅಂದ್ರೆ, ಈ ಬಟ್ಟೆಯ ಬಕೆಟ್ಟು ಮಣ್ಣಿನ ಹೂಜಿ ಇದ್ದ ಹಾಗೆ. ಹೊರಮೈಯೆಲ್ಲ ಬೆವರುತ್ತೆ, ಗಾಳಿಗೆ ಆ ಬೆವರು ಆರುತ್ತೆ, ಒಳಗಿನ ನೀರಿನ ಬಿಸಿ ಹೋಗ್ತಾ ಇರುತ್ತೆ. ಕಟ್ಟೆ ಮೇಲೆ ಒಂದಿಷ್ಟು ಹೊತ್ತು ಇಟ್ರೆ ಅಳೆದದ್ದು ಕಡಲನ್ನಲ್ಲ, ಬಕೆಟ್ಟನ್ನ.”

ನಾಳೆ ಮಧ್ಯಾಹ್ನದ ಬಸ್ಸಿಗೆ ತಾನು ಹೊರಡುವುದಾಗಿಯೂ, ಅಷ್ಟರಲ್ಲಿ ಕಾರಣ ತಿಳಿಯದಿದ್ದರೆ ಆ ನಾಲ್ಕು ವರ್ಷವನ್ನು ಬಿಟ್ಟುಬಿಡುವುದಾಗಿಯೂ ಹುಡುಗಿ ಹೇಳಿದಳು.

“ಬಿಟ್ಟುಬಿಡೋದು ಅಂದ್ರೆ?”

“ಸೇರಿಸಲ್ಲ. ಅಳತೆಯೇ ಇಲ್ಲ ಅಂತ ಇಟ್ಕೊಳ್ತೀವಿ.”

ಅಳತೆಯೇ ಇಲ್ಲ. ನೂರಮೂರು ಜ್ವರದಲ್ಲಿ ತಾನೇ ನಡುಗುತ್ತ ಕಡಲಿನ ಜ್ವರ ನೋಡಿದ ಬೆಳಿಗ್ಗೆ ಆ ನಾಲ್ಕು ವರ್ಷದೊಳಗೆ ಇತ್ತು. ಅಮ್ಮ ಹೋದ ಮಾರನೆಯ ಬೆಳಿಗ್ಗೆಯೂ ಇತ್ತು. ಎಲ್ಲರೂ ಬೇಡವೆಂದಿದ್ದರೂ ಕೇಳದೆ ಹೋಗಿ ಹಗ್ಗ ಇಳಿಸಿದ್ದಳು. ಇಪ್ಪತ್ತಾರು ವರ್ಷದಲ್ಲಿ ಒಂದು ದಿನವೂ ತಪ್ಪಿಸಿಲ್ಲ ಎನ್ನುವುದೊಂದೇ ಅವಳು ತನ್ನ ಬಗ್ಗೆ ಯಾರ ಮುಂದೆಯಾದರೂ ಎದೆ ತಟ್ಟಿ ಹೇಳಬಹುದಾಗಿದ್ದ ಮಾತು.

ಆಮೇಲೆ ಅವಳು ಬೆರಳು ಮಡಚಿ ಎಣಿಸಿದಳು. ಒಂಬತ್ತು, ಹತ್ತು, ಹನ್ನೊಂದು, ಹನ್ನೆರಡು. ಅವು ಓರಗಿತ್ತಿ ತಮ್ಮ ಮನೆಯಲ್ಲಿದ್ದ ವರ್ಷಗಳು.

ಮೈದುನನಿಗೆ ಬಂದರಿನಲ್ಲೇ ಕೆಲಸ ಸಿಕ್ಕಿ, ಬೇರೆ ಮನೆ ಸಿಗುವವರೆಗೆ ಎಂದು ಬಂದವರು ನಾಲ್ಕು ವರ್ಷ ಇದ್ದರು. ಮೊದಲ ತಿಂಗಳೇ ಇಬ್ಬರು ಹೆಂಗಸರ ನಡುವೆ ಮಾತು ನಿಂತಿತ್ತು. ಕಾದಾಡಿ ನಿಂತದ್ದಲ್ಲ. ನಲ್ಲಿಯಲ್ಲಿ ನೀರು ನಿಲ್ಲುವಂತೆ ಮೊದಲು ಸಣ್ಣಗಾಗಿ, ಆಮೇಲೆ ಹನಿಯಾಗಿ, ಆಮೇಲೆ ಇಲ್ಲ. ಇಬ್ಬರೇ ಇದ್ದಾಗ ಪಾತ್ರೆಗಳೇ ಮಾತಾಡುತ್ತಿದ್ದವು. ಓರಗಿತ್ತಿ ಅಡಿಗೆಮನೆಯಲ್ಲಿರುವಷ್ಟು ಹೊತ್ತು ಇವಳು ಕಟ್ಟೆಯ ಮೇಲೆ ಕೂತಿರುತ್ತಿದ್ದಳು. ಅದು ನೆನಪಿದೆ. ಕಾಲು ಇಳಿಬಿಟ್ಟು, ಮನೆಗೆ ಬೆನ್ನು ಮಾಡಿ. ಆದರೆ ಥರ್ಮಾಮೀಟರ್ ನೋಡಿ ಕೂರುತ್ತಿದ್ದಳೋ, ಕೂತೆದ್ದು ನೋಡುತ್ತಿದ್ದಳೋ? ಎಷ್ಟು ಯೋಚಿಸಿದರೂ ಎರಡೂ ಕಣ್ಣ ಮುಂದೆ ಒಂದೇ ಸಮ ಸ್ಪಷ್ಟವಾಗಿ ಬಂದವು. ಅದೇ ಕೈ, ಅದೇ ಹಗ್ಗ, ಒಂಬತ್ತು ಸಾವಿರಕ್ಕೂ ಹೆಚ್ಚು ಬೆಳಿಗ್ಗೆಗಳು. ಅದರಲ್ಲಿ ಒಂದನ್ನು ಇನ್ನೊಂದರಿಂದ ಬಿಡಿಸುವುದು ಹೇಗೆ? ‘ಏಳು ಗಂಟೆ’ ಎಂಬುದನ್ನಂತೂ ತಿಂಗಳ ಮೊದಲ ದಿನವೇ ಮೂವತ್ತೂ ಸಾಲಿಗೆ ಬರೆದಿಡುತ್ತಿದ್ದಳು. ಅದನ್ನು ಹುಡುಗಿಗೆ ಹೇಳಿರಲಿಲ್ಲ.

ಮಧ್ಯಾಹ್ನ ಊಟಕ್ಕೆ ಹೋದಾಗ ಗಂಡನನ್ನು ಕೇಳಿದಳು. “ರೀ, ನಿಮ್ಮ ತಮ್ಮನ ಸಂಸಾರ ಇಲ್ಲಿದ್ದಾಗ ನಾನು ಬೆಳಿಗ್ಗೆ ನೀರೆತ್ತಿದ ತಕ್ಷಣ ಥರ್ಮಾಮೀಟರ್ ನೋಡ್ತಿದ್ನಾ?”

ಅವನು ಪೇಪರಿನ ಮೇಲಿನಿಂದ ನೋಡಿದ. “ನನ್ನ ಕೇಳ್ತೀಯಲ್ಲ. ಎಂಟಕ್ಕೆ ಮುಂಚೆ ಕಡಲು ಇರುತ್ತೋ ಇಲ್ವೋ ಅನ್ನೋದೂ ನಂಗೆ ಗೊತ್ತಿಲ್ಲ.”

“ಮತ್ತ್ಯಾರಿಗೆ ಗೊತ್ತಿರುತ್ತೆ?”

“ಅವಳನ್ನೇ ಕೇಳು. ಅಡಿಗೆಮನೆ ಕಿಟಕಿ ಎದುರಿಗೇ ನಿನ್ನ ಕಟ್ಟೆ. ನಾಲ್ಕು ವರ್ಷ ಅವಳು ನೋಡಿದ್ದು ನಿನ್ನ ಬೆನ್ನನ್ನೇ.” ಆಮೇಲೆ ಪೇಪರ್ ಮಡಚಿ ಸೇರಿಸಿದ: “ಹುಷಾರು. ಎರಡು ಜಡೆ ಒಂದು ಕಡೆ ಸೇರಲ್ಲ ಅಂತಾರೆ.”

“ನಡುವೆ ಇರೋ ಮೀಸೆ ಬಾಯಿ ಮುಚ್ಕೊಂಡಿದ್ರೆ ಸೇರುತ್ತೆ,” ಎಂದು ಇವಳು ಚಪ್ಪಲಿ ಮೆಟ್ಟಿದಳು.

ಓರಗಿತ್ತಿಯ ಹೊಲಿಗೆ ಅಂಗಡಿ ಊರಿನ ಇನ್ನೊಂದು ಕೊನೆ. ಪರದೆ, ದಿಂಬಿನ ಚೀಲ, ಸೋಫಾದ ಹೊದಿಕೆ. ಬೇರೆಯಾಗಿ ಹದಿನಾಲ್ಕು ವರ್ಷವಾದರೂ ಡಾಕ್ಟರಮ್ಮ ಆ ಅಂಗಡಿಯ ಮೆಟ್ಟಿಲು ಹತ್ತಿದ್ದು ಮೂರೋ ನಾಲ್ಕೋ ಸಲ. ಮನೆಯ ಕಾರ್ಯಗಳಲ್ಲಿ ಸಿಕ್ಕಾಗ ‘ಬಂದ್ಯಾ’, ‘ಬಂದೆ ಅಕ್ಕ’, ‘ಊಟ ಆಯ್ತಾ’, ‘ಆಯ್ತು ಅಕ್ಕ’. ಅಷ್ಟೇ. ಎಣ್ಣೆ ಸೀಗೆಕಾಯಿ ಎಂದು ನೆಂಟರು ಅವರಿಬ್ಬರನ್ನು ಪಂಕ್ತಿಯ ಎರಡು ತುದಿಗೆ ಕೂರಿಸುತ್ತಿದ್ದರು.

ಓರಗಿತ್ತಿ ಮಷೀನಿನಿಂದ ಎದ್ದು ನಿಂತಳು. ಬಾಯಲ್ಲಿ ಎರಡು ಗುಂಡುಸೂಜಿ. ಅವನ್ನು ತೆಗೆದು ತೋಳಿಗೆ ಚುಚ್ಚಿಕೊಂಡು, “ಯಾರಿಗೇನಾಯ್ತು ಅಕ್ಕ?” ಎಂದಳು.

“ಯಾರಿಗೂ ಏನೂ ಆಗಿಲ್ಲ. ಒಂದು ವಿಷಯ ಕೇಳೋಣ ಅಂತ ಬಂದೆ.”

ಕೇಳುವುದಕ್ಕೆ ಕಾಲು ಗಂಟೆ ಹಿಡಿಯಿತು. ಹುಡುಗಿ, ಹಾಳೆ, ಮೆಟ್ಟಿಲಿಳಿದ ಗೆರೆ, ಬೆವರುವ ಬಕೆಟ್ಟು. ಓರಗಿತ್ತಿ ಪರದೆಯ ಅಂಚನ್ನು ಬೆರಳಲ್ಲಿ ಮಡಚುತ್ತ, ಬಿಡಿಸುತ್ತ ಕೇಳಿದಳು. ಕೊನೆಗೆ, ಒಂದು ಕ್ಷಣವೂ ಯೋಚಿಸದೆ ಹೇಳಿದಳು: “ತಕ್ಷಣ ನೋಡ್ತಿದ್ರಿ. ನೀರು ಮೇಲೆ ಬಂತು, ನೋಡಿದ್ರಿ, ಬರೆದ್ರಿ. ನಿಮ್ಮ ಕೆಲಸದಲ್ಲಿ ನಾನು ಯಾವತ್ತೂ ತಪ್ಪು ಕಂಡಿಲ್ಲ.”

ಬೇಕಾಗಿದ್ದದ್ದು ಇದೇ ಮಾತು. ಸಿಕ್ಕಿದ ಮೇಲೆ ಮನಸ್ಸು ಹಗುರಾಗಬೇಕಿತ್ತು, ಆಗಲಿಲ್ಲ. ಹಾಗಾದರೆ ಕಡಲೇ ತಣ್ಣಗಾಗಿತ್ತೇ? ಗಾಳಿಗೆ ಗೊತ್ತಾಗದೆ? ತಾನು ಕೂತೆದ್ದು ನೋಡಿದ ಆ ಇನ್ನೊಂದು ಚಿತ್ರ ಎಲ್ಲಿಂದ ಬಂತು? ಓರಗಿತ್ತಿ ತನ್ನನ್ನು ಹೊಗಳಿದ್ದನ್ನು ಅವಳು ಈವರೆಗೆ ಕೇಳಿರಲಿಲ್ಲ, ಹೊಗಳಿಕೆಯನ್ನು ನಂಬುವುದೋ ಬಿಡುವುದೋ ಅದೂ ತಿಳಿಯಲಿಲ್ಲ.

“ಸರಿ ಹಾಗಾದ್ರೆ,” ಎಂದು ಎದ್ದಳು.

“ಚಹಾ ಕುಡ್ಕೊಂಡು ಹೋಗಿ. ಬಿಸಿಯಾಗಿ ಕೊಡ್ತೀನಿ. ಆ ಮನೇಲಿ ನಿಮಗೆ ಒಂದಿನಾನೂ ಬಿಸಿ ಚಹಾ ಕೊಡೋಕಾಗ್ಲಿಲ್ಲ.” ಓರಗಿತ್ತಿ ಒಲೆ ಹಚ್ಚುತ್ತ ಬೆನ್ನು ತಿರುಗಿಸಿಯೇ ಹೇಳುತ್ತ ಹೋದಳು. “ರೇಡಿಯೋದಲ್ಲಿ ಏಳರ ವಾರ್ತೆ ಶುರುವಾಗುವಾಗ ನೀವು ಬಕೆಟ್ಟು ಎತ್ತಿ ಇಡೋದು ಕಾಣ್ತಿತ್ತು. ಸರಿ, ಬಂದೇ ಬಿಡ್ತಾರೆ ಅಂತ ಚಹಾ ಸೋಸ್ತಿದ್ದೆ. ವಾರ್ತೆ ಮುಗೀತು, ತರಕಾರಿ ದರ ಹೇಳಿದ್ರು, ಹಾಡೂ ಬಂತು, ಆಗ ನೀವು ಎದ್ದು ಥರ್ಮಾಮೀಟರ್...”

ಕೈ ನಿಂತಿತು. ಹಾಲು ಉಕ್ಕಿ ಒಲೆಯ ಮೇಲೆ ಸುರ್ರೆಂದಿತು.

“ಮತ್ತೆ ತಕ್ಷಣ ಅಂದೆಯಲ್ಲೇ!”

“ಇನ್ನೆರಡು ತಿಂಗಳಲ್ಲಿ ರಿಟೈರಾಗೋರು. ಈಗ ತಪ್ಪು ಅಂತ ಬರೆದುಬಿಟ್ರೆ? ಇಷ್ಟು ವರ್ಷ ಆದ್ಮೇಲೆ ನನ್ನ ಬಾಯಿಂದಲೇ ನಿಮ್ಮ ಹೆಸರು ಕೆಡ್ಬೇಕಾ?”

“ನಿಜ ಹೇಳು. ಎಷ್ಟು ಹೊತ್ತು?”

“ಹದಿನೈದು ನಿಮಿಷ. ವಾರ್ತೆ ಹತ್ತು, ದರ ಐದು. ಒಂದಿನಾನೂ ಹೆಚ್ಚುಕಮ್ಮಿ ಇಲ್ಲ. ಹಾಡು ಶುರುವಾದ್ರೆ ನಾನು ರೂಮಿಗೆ ಹೋಗ್ತೀನಿ ಅಂತ ನಿಮಗೆ ಗೊತ್ತಿತ್ತಲ್ಲ.”

ಡಾಕ್ಟರಮ್ಮ ಸ್ಟೂಲಿನ ಮೇಲೆ ಕೂತಳು. ಹೌದು. ರೇಡಿಯೋ ಕಟ್ಟೆಯವರೆಗೂ ಕೇಳುತ್ತಿತ್ತು. ಹಾಡು ಕೇಳಿದ ಮೇಲೆ ಅಡಿಗೆಮನೆ ಖಾಲಿ ಎಂದರ್ಥ, ಆಗಲೇ ಅವಳು ಕೆಲಸ ಮುಗಿಸಿ ಒಳಗೆ ಹೋಗುತ್ತಿದ್ದದ್ದು. ಮೊದಲೇ ಮುಗಿಸಿಬಿಟ್ಟರೆ ಕಟ್ಟೆಯ ಮೇಲೆ ಕೂರುವುದಕ್ಕೆ ನೆಪವೇನು? ಥರ್ಮಾಮೀಟರನ್ನು ಕೊನೆಗೆ ಉಳಿಸಿಕೊಂಡದ್ದು ಅದಕ್ಕೇ. ಒಮ್ಮೆ ತಿಳಿದ ಮೇಲೆ ಅದು ಯಾವತ್ತೂ ತಿಳಿದೇ ಇತ್ತೇನೋ ಅನ್ನಿಸಿತು. ಹಾಗಾದರೆ ಬೆಳಿಗ್ಗೆಯಿಂದ ಹುಡುಕಿದ್ದು ಏನನ್ನು?

“ನೀನು ರೂಮಿಗೆ ಯಾಕೆ ಹೋಗ್ತಿದ್ದೆ?” ಎಂದಳು.

“ನಾನಿದ್ರೆ ನೀವು ಒಳಗೆ ಬರ್ತಿರಲಿಲ್ಲವಲ್ಲ. ಚಳಿಗಾಳಿಯಲ್ಲಿ ಪಾಪ ಎಷ್ಟು ಹೊತ್ತು ಕೂತಿರ್ತಾರೆ ಅಂತ ಬೇಗ ಬೇಗ ಮುಗಿಸಿ ಹೋಗ್ತಿದ್ದೆ.”

“ಅಯ್ಯೋ, ನಿನ್ನ ಪಾಡಿಗೆ ನೀನು ನೆಮ್ಮದಿಯಾಗಿ ಕೆಲಸ ಮಾಡ್ಕೋ ಅಂತ ನಾನು ಹೊರಗೆ ಕೂರ್ತಿದ್ದೆ ಕಣೇ!”

ಇಬ್ಬರೂ ಉಕ್ಕಿದ ಹಾಲನ್ನು ನೋಡುತ್ತ ಉಳಿದರು. ಬಟ್ಟೆ ತಂದು ಒರೆಸಬೇಕೆಂದು ಇಬ್ಬರಿಗೂ ತೋಚಲಿಲ್ಲ.

“ಮೊದಲು ಮಾತು ಬಿಟ್ಟಿದ್ದು ನೀನೇ,” ಎಂದಳು ಡಾಕ್ಟರಮ್ಮ. ಅದೊಂದಾದರೂ ಖಚಿತವಾಗಿರಲಿ ಎಂಬಂತೆ. “ಬಂದ ವಾರಾನೇ ಅಡಿಗೆಮನೆ ಗಾಜಿನ ಕಿಟಕಿ ಮುಚ್ಚಿದೆ. ನಾನು ತೆಗೆದೆ, ನೀನು ಮತ್ತೆ ಮುಚ್ಚಿದೆ. ನನ್ನ ಮುಖಕ್ಕೇ ಮುಚ್ಚಿದ ಹಾಗಾಯ್ತು.”

“ಕಡಲ ಗಾಳಿಗೆ ಒಲೆ ಆರಿ ಆರಿ ಹೋಗ್ತಿತ್ತು ಅಕ್ಕ! ಕಿಟಕಿ ಮುಚ್ಚಿದ್ದು ಆಮೇಲೆ. ಅದಕ್ಕೂ ಮೊದಲು ನೀವು ನಾನು ಮಾಡಿದ ಚಹಾ ಒಂದು ಗುಟುಕು ಕುಡಿದು ಸಿಂಕಿಗೆ ಚೆಲ್ಲಿದ್ರಿ. ನನ್ನ ಕಣ್ಣೆದುರಿಗೇ.”

“ಅದರಲ್ಲಿ ಇರುವೆ ಇತ್ತು!”

“ಇರುವೆನಾ?”

“ಎರಡು.”

“ಹೇಳ್ಬಾರ್ದಾಗಿತ್ತಾ?”

“ಹೊಸದಾಗಿ ಬಂದವಳು, ನೊಂದ್ಕೋತೀಯ ಅಂತ ಹೇಳ್ಲಿಲ್ಲ.”

ಓರಗಿತ್ತಿ ನಗಲು ಹೋದಳು, ಅದು ಅರ್ಧದಲ್ಲಿ ಬೇರೇನೋ ಆಯಿತು. “ಎರಡು ಇರುವೆಗೆ ನಾಲ್ಕು ವರ್ಷ,” ಎಂದು ಮೂಗು ಒರೆಸಿಕೊಂಡಳು.

ಡಾಕ್ಟರಮ್ಮನಿಗೆ ನಗುವೂ ಬರಲಿಲ್ಲ, ಅಳುವೂ ಬರಲಿಲ್ಲ. ಚಹಾ ಕಿಟಕಿಗಿಂತ ಮೊದಲಾಗಿದ್ದರೆ ಶುರು ಮಾಡಿದವಳು ತಾನು. ಆದರೆ ಚಹಾಕ್ಕಿಂತ ಮೊದಲು ಇನ್ನೇನಿತ್ತೋ. ಇಷ್ಟು ವರ್ಷ ಮನಸ್ಸಿನಲ್ಲಿ ಜೋಡಿಸಿಟ್ಟಿದ್ದ ಕಪಾಟನ್ನು ಯಾರೋ ತೆಗೆದು, ಎಲ್ಲವನ್ನೂ ನೆಲಕ್ಕೆ ಸುರುವಿ, ಈಗ ಮತ್ತೆ ಜೋಡಿಸಿಕೋ ಎಂದಂತಾಗಿತ್ತು. ಅವಳ ಬಳಿ ಇದ್ದದ್ದು ಒಂದೇ ಖಚಿತ ಸಂಗತಿ, ಹದಿನೈದು ನಿಮಿಷ.

“ನಾಳೆ ಬೆಳಿಗ್ಗೆ ಏಳಕ್ಕೆ ಕಟ್ಟೆಗೆ ಬರ್ತೀಯಾ?” ಎಂದಳು. “ಹುಡುಗಿಯ ಮುಂದೆ ಹೇಳ್ಬೇಕು. ನನ್ನ ಮಾತಿಗೆ ನಾನೇ ಸಾಕ್ಷಿ ಆಗೋಕಾಗಲ್ಲ.”

“ಹೆಸರು ಕೆಟ್ರೆ?”

“ಕೆಡ್ಲಿ. ಇಲ್ಲದಿದ್ರೆ ನಾಲ್ಕು ವರ್ಷಾನೇ ಇರಲ್ಲ.”

ಮರುದಿನ ಓರಗಿತ್ತಿ ಏಳಕ್ಕೆ ಹತ್ತು ನಿಮಿಷ ಇರುವಾಗಲೇ ಬಂದು, ಗಾಳಿಗೆ ಸೆರಗನ್ನು ತಲೆಗೆ ಬಿಗಿದು ನಿಂತಿದ್ದಳು. ಹುಡುಗಿಗೆ ಡಾಕ್ಟರಮ್ಮ ಎಲ್ಲವನ್ನೂ ಹೇಳಿದಳು. ಮೊದಲೇ ಬರೆದಿಡುತ್ತಿದ್ದ ‘ಏಳು ಗಂಟೆ’ಯಿಂದ ಹಿಡಿದು ತರಕಾರಿ ದರದವರೆಗೆ. ಹುಡುಗಿ ಬೈಯುತ್ತಾಳೆಂದು ಕಾದಳು. ಹುಡುಗಿ ಪುಸ್ತಕದ ಮೇಲೆ ಕೈಯಿಟ್ಟಳು.

“ಮೇಡಂ, ಗಾಳಿಯ ವೇಗ, ತೇವ ದಿನಾ ಬರೆದಿದ್ದೀರಲ್ಲ?”

“ಅದನ್ನ ಸರಿಯಾಗಿ ಏಳಕ್ಕೇ ಬರೀತಿದ್ದೆ. ಅದಕ್ಕೆ ಕೂರೋ ನೆಪ ಬೇಕಿರಲಿಲ್ಲ.”

“ಹಾಗಾದ್ರೆ ಬಕೆಟ್ಟು ಆ ದಿನ ಎಷ್ಟು ಆರಿರುತ್ತೆ ಅಂತ ಒಂದೊಂದು ದಿನಕ್ಕೂ ಕಂಡುಹಿಡೀಬಹುದು. ಎಷ್ಟು ನಿಮಿಷ ಅನ್ನೋದೊಂದೇ ಬೇಕಿತ್ತು. ಬಿಡಬೇಕಾಗಿಲ್ಲ.” ಅವಳ ದನಿಯಲ್ಲಿ ಉತ್ಸಾಹ ಏರಿತು. “ಒಮ್ಮೆ ಮಾಡಿ ನೋಡೋಣ. ಆಗ ಹೇಗೆ ಮಾಡ್ತಿದ್ರೋ ಹಾಗೇ.”

ಡಾಕ್ಟರಮ್ಮ ಹಗ್ಗ ಇಳಿಸಿದಳು. ನೀರು ಮೇಲೆ ಬಂದಾಗ ಹುಡುಗಿ ಥರ್ಮಾಮೀಟರ್ ಅದ್ದಿ ಕೂಗಿದಳು, “ಇಪ್ಪತ್ತೇಳು ಪಾಯಿಂಟ್ ನಾಲ್ಕು.” ಬಕೆಟ್ಟನ್ನು ಕಟ್ಟೆಯ ಮೇಲಿಟ್ಟು ಡಾಕ್ಟರಮ್ಮ ಕಾಲು ಇಳಿಬಿಟ್ಟು ಕೂತಳು. ಓರಗಿತ್ತಿಗೆ ಎಲ್ಲಿ ನಿಲ್ಲಬೇಕೆಂದು ತಿಳಿಯಲಿಲ್ಲ. ಆಗಿನ ಹಾಗೇ ಎಂದರೆ ಅವಳು ಅಡಿಗೆಮನೆಯಲ್ಲಿರಬೇಕು. ಒಂದೆರಡು ಹೆಜ್ಜೆ ಆ ಕಡೆ ಹಾಕಿ, ಮತ್ತೆ ಬಂದು, ಬಕೆಟ್ಟಿನ ಈ ಪಕ್ಕದಲ್ಲಿ ಕೂತಳು.

“ಇವತ್ತೇನು ಡಾಕ್ಟರಮ್ಮಾ, ಇಬ್ಬಿಬ್ಬರು ಡಾಕ್ಟರು! ಕೇಸು ಸೀರಿಯಸ್ಸಾ?” ಕ್ರೇನಿನವನು ಮೇಲಿನಿಂದ ಕೂಗಿದ.

“ನರ್ಸು ಕಣೋ ಇವಳು. ನಿನಗೆ ಇಂಜೆಕ್ಷನ್ ಕೊಡ್ಸೋಣ, ಇಳಿದು ಬಾ!”

ಗಾಳಿ ಬೀಸುತ್ತಿತ್ತು. ಬಕೆಟ್ಟಿನ ಹೊರಮೈ ಒದ್ದೆಯಾಗಿ, ಹನಿಗಳು ಕಟ್ಟೆಯ ಕಲ್ಲಿನ ಮೇಲೆ ಬಿದ್ದು ಆರುತ್ತಿದ್ದವು. ನಡುವೆ ಮೊಣಕಾಲೆತ್ತರದ ಬಕೆಟ್ಟು, ಆಚೆ ಈಚೆ ಇಬ್ಬರು. ಹದಿನೈದು ನಿಮಿಷ ಇಷ್ಟು ಉದ್ದವೆಂದು ಡಾಕ್ಟರಮ್ಮನಿಗೆ ಗೊತ್ತಿರಲಿಲ್ಲ.

“ಕಿಟಕಿಯಿಂದ ನೋಡಿದಾಗ ಇಲ್ಲಿ ಇಷ್ಟು ಚಳಿ ಇರುತ್ತೆ ಅಂತ ಗೊತ್ತಾಗ್ತಿರಲಿಲ್ಲ,” ಎಂದಳು ಓರಗಿತ್ತಿ.

“ಕೂತವಳಿಗೂ ಅಷ್ಟೇ. ಎದ್ದ ಮೇಲೆ ಗೊತ್ತಾಗೋದು.”

“ಹದಿನೈದು!” ಎಂದು ಹುಡುಗಿ ಬಗ್ಗಿದಳು. “ಇಪ್ಪತ್ತಾರು ಪಾಯಿಂಟ್ ಏಳು. ನೋಡಿ ಮೇಡಂ, ಸುಮಾರು ಅದೇ ಮುಕ್ಕಾಲು ಡಿಗ್ರಿ ಸಿಕ್ತು!”

ನಾಲ್ಕು ವರ್ಷದ ಆ ಪುಟಗಳಿಗೆ ಒಂದು ಟಿಪ್ಪಣಿ ಸೇರಿಸಬೇಕಿತ್ತು, ಕೆಳಗೆ ವೀಕ್ಷಕಿಯ ಸಹಿ. ಹುಡುಗಿ ಮೊಣಕಾಲ ಮೇಲೆ ಪುಸ್ತಕವಿಟ್ಟುಕೊಂಡು ಬರೆದಳು: ‘ನೀರು ಎತ್ತಿದ ಹದಿನೈದು ನಿಮಿಷಗಳ ನಂತರ ಅಳತೆ ಮಾಡಲಾಗಿದೆ.’ ಆಮೇಲೆ ತಲೆಯೆತ್ತಿ, “ಕಾರಣ ಅಂತ ಒಂದು ಕಾಲಂ ಇದೆ. ಏನಂತ ಬರೀಲಿ?”

ಡಾಕ್ಟರಮ್ಮ ಓರಗಿತ್ತಿಯನ್ನು ನೋಡಿದಳು. ಓರಗಿತ್ತಿ ಇವಳನ್ನು ನೋಡಿದಳು. ಚಹಾ ಎನ್ನುವುದೋ, ಕಿಟಕಿ ಎನ್ನುವುದೋ, ಇರುವೆ ಎನ್ನುವುದೋ?

“ಗೊತ್ತಿಲ್ಲ ಅಂತ ಬರಿಯಮ್ಮ,” ಎಂದಳು ಡಾಕ್ಟರಮ್ಮ.

ಪುಸ್ತಕ ತೆಗೆದುಕೊಂಡು ಸಹಿ ಮಾಡಿದಳು. ತಪ್ಪು ತನ್ನದೆಂದು ಬರೆದ ಹಾಳೆಗೆ ಸಹಿ ಮಾಡಿದರೆ ಒಳಗಿನಿಂದ ಏನೋ ಕಳಚಿ ಬೀಳುತ್ತದೆಂದುಕೊಂಡಿದ್ದಳು. ಹಾಗೇನೂ ಆಗಲಿಲ್ಲ. ಸಾವಿರದ ನಾನೂರ ಚಿಲ್ಲರೆ ಬೆಳಿಗ್ಗೆಗಳು ಉಳಿದವು, ಒಂದೊಂದೂ ಸ್ವಲ್ಪ ಸ್ವಲ್ಪ ತಿದ್ದಿಸಿಕೊಂಡು.

ಓರಗಿತ್ತಿ ಅಷ್ಟರಲ್ಲಿ ಬಕೆಟ್ಟಿನೊಳಗೆ ಕೈಯಿಳಿಸಿದ್ದಳು. ಮಣಿಕಟ್ಟಿನವರೆಗೆ ಮುಳುಗಿಸಿ, ಬೆರಳಾಡಿಸಿ, ಹುಬ್ಬು ಗಂಟಿಕ್ಕಿದಳು.

“ಇದಾ ತಣ್ಣಗಾಗಿದ್ದು? ನಂಗೇನೂ ಗೊತ್ತಾಗ್ತಿಲ್ಲ ಅಕ್ಕ. ಬೆಚ್ಚಗೇ ಇದೆಯಲ್ಲ.”

“ಸರಿಯಾಗಿ ನೋಡು.”

“ನೀವೇ ನೋಡಿ.”

ಡಾಕ್ಟರಮ್ಮ ಸೆರಗು ಸಿಕ್ಕಿಸಿ ಕೈಯಿಳಿಸಿದಳು. ಇಪ್ಪತ್ತಾರು ವರ್ಷದಲ್ಲಿ ಆ ನೀರನ್ನು ಅವಳು ಥರ್ಮಾಮೀಟರಿನಿಂದಲ್ಲದೆ ನೋಡಿರಲಿಲ್ಲ. ನೀರು ಬೆಚ್ಚಗಿತ್ತು. ಅಥವಾ ಹೊರಗಿನ ಗಾಳಿಗೆ ಕೈ ಅಷ್ಟು ತಣ್ಣಗಾಗಿತ್ತು. ಯಾವುದೆಂದು ಹೇಳಲು ಬರುವಂತಿರಲಿಲ್ಲ. ಇಬ್ಬರೂ ಇನ್ನೂ ಸ್ವಲ್ಪ ಹೊತ್ತು ಕೈ ತೆಗೆಯಲಿಲ್ಲ.